ದಾರದಕ್ಕ ಹೊಲಿದ ಮೌನ

ಹಳೆಯ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿಯುವುದು ಅವಳ ಕಸುಬು. ಹಾಗಾಗಿ ಬೀದಿಗೆಲ್ಲ ಅವಳು ದಾರದಕ್ಕ. ಹಳೆಯ ಕೈಬರಹದ ಪುಸ್ತಕಗಳಿಗೆ ಸಾಮಾನ್ಯವಾಗಿ ಪುಟಸಂಖ್ಯೆ ಇರುವುದಿಲ್ಲ. ಹಾಳೆಯ ಕೆಳಮೂಲೆಯಲ್ಲಿ ಮುಂದಿನ ಹಾಳೆಯ ಮೊದಲ ಪದವನ್ನು ಸಣ್ಣಗೆ ಬರೆದಿರುತ್ತಾರೆ. ಮಡಿಸಿದ ಹಾಳೆಗಳ ಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸುವಾಗ ಎರಡೂ ಹೊಂದಿದರೆ ಮಾತ್ರ ಸೂಜಿ ಇಳಿಸಬೇಕು. ಬೀದಿಗೆ ಧರ್ಮಪಾಠ ಹೇಳುವ ಉಸ್ತಾದರ ಪುಸ್ತಕ ಹೊಲಿದ ದಿನ ಅವಳ ಮಗುವಿಗೆ ಹಲ್ಲು ಬರುತ್ತಿತ್ತು. ಒಂದು ಕೈ ತೊಟ್ಟಿಲಿಗೆ, ಒಂದು ಕೈ ಸೂಜಿಗೆ. ಮೂಲೆಯ ಪದ ನೋಡಬೇಕಾದ ಕಣ್ಣು ಮಗುವಿನ ಮೇಲೆ.

ಪುಸ್ತಕ ಮಹದಿಯ ಕುರಿತದ್ದು. ಕೊನೆಗಾಲದಲ್ಲಿ ಲೋಕವನ್ನು ನ್ಯಾಯದಿಂದ ತುಂಬಲು ಬರುವ ಅವರು ಮೊದಲು ತಮಗಾಗಿ ಕಾಯುವವನ ಎದೆಯೊಳಗೆ ಬರುತ್ತಾರೆ ಎಂದು ಧರ್ಮವಚನಗಳ ಒಳಾರ್ಥ ಬಿಡಿಸುವ ಬರಹ. ಉಸ್ತಾದರಿಗೆ ಕಣ್ಣು ಮಂಜು. ವಾರಕ್ಕೊಮ್ಮೆ ಅವರ ಹೊರಕೋಣೆಯಲ್ಲಿ ಬೀದಿಯವರ ಮುಂದೆ ದರ್ಜಿ ಓದುತ್ತಿದ್ದ, ಅವರು ಅರ್ಥ ಹೇಳುತ್ತಿದ್ದರು.

"ಅವರನ್ನು ನಿಜವಾಗಿ ಕಾಯುವವನ ಮೊದಲ ಗುರುತು..." ದರ್ಜಿ ಹಾಳೆ ತಿರುವಿದ. "ಮೌನ."

ಹಿಂದಿನ ಸಾಲಿನಲ್ಲಿದ್ದ ದಾರದಕ್ಕ ತಟ್ಟನೆ ತಲೆಯೆತ್ತಿದಳು. ಬಿಚ್ಚುವಾಗ ಓದಿದ್ದು ನೆನಪಿತ್ತು: ಮೊದಲ ಗುರುತು, ಪಕ್ಕದ ಮನೆಯ ಒಲೆ ಹೊತ್ತಿದೆಯೇ ಎಂದು ಕೇಳುವುದು. ಮೌನ ಬೇರೆ ಕಟ್ಟಿನ ಮಾತು. ಮಹದಿ ಬರುವ ದಿನ ಇಂಥದ್ದೇ ಎನ್ನುವವರ ಮುಂದೆ ಸುಮ್ಮನಿರು ಎಂದಷ್ಟೇ. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಉಸ್ತಾದರು, "ಆಹಾ, ಎಂಥ ಮಾತು!" ಎಂದರು. ಅವಳು ಮಗುವಿನ ಟೋಪಿ ಸರಿಮಾಡಿದಳು.

ಆ ಒಂದು ಪದದ ಮೇಲೆ ಅವರು ಮೂರು ವಾರ ಹೇಳಿದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡವಳು ಇಸ್ತ್ರಿ ಅಜ್ಜಿ. ಬಟ್ಟೆಯ ಸುಕ್ಕಿಗೊಂದು ಬೈಗುಳ, ದಾರದಕ್ಕನ ಮಗುವಿಗೊಂದು ಲೊಚಲೊಚ ಮುದ್ದು ಎಂದು ದಿನವಿಡೀ ಮಾತಾಡುತ್ತಿದ್ದವಳು ಬಾಯಿಗೆ ಬೀಗ ಹಾಕಿಕೊಂಡಳು.

ಒಂದು ಬೆಳಿಗ್ಗೆ ಅಜ್ಜಿಯ ಸೊಸೆ ಓಡಿಬಂದಳು. "ಅಕ್ಕಾ, ಸುಳ್ಳು ಯಾಕೆ ಹೇಳ್ಲಿ, ಮೊದಲು ಹಾಯಾಗೇ ಇತ್ತು. ಈಗ ಹೆದರಿಕೆ ಆಗ್ತಿದೆ. ನಿನ್ನೆಯಿಂದ ಎದೆ ಹಿಡ್ಕೊಂಡು ಕೂರ್ತಾರೆ, ಏನಾಗ್ತಿದೆ ಅಂದ್ರೆ ತುಟಿ ಬಿಚ್ಚಲ್ಲ."

ದಾರದಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು, ಅಜ್ಜಿಯ ಕೈ ಹಿಡಿದು ಉಸ್ತಾದರ ಮನೆಗೇ ಎಳೆದೊಯ್ದಳು. ಸೊಸೆಯೂ ಹಿಂದೆಯೇ ಬಂದಳು. ದರ್ಜಿಯೂ ಅಲ್ಲಿದ್ದ. ಪುಸ್ತಕ ತೆರೆದು ಹಾಳೆಯ ಮೂಲೆಗೆ ಬೆರಳಿಟ್ಟಳು. "ಈ ಪದಕ್ಕೂ ಮುಂದಿನ ಹಾಳೆಗೂ ಹೊಂದಲ್ಲ. ಮೊದಲ ಗುರುತು ಮೌನ ಅಲ್ಲ, ಪಕ್ಕದ ಮನೆ ಒಲೆ ಹೊತ್ತಿದೆಯಾ ಅಂತ ಕೇಳೋದು. ಕಟ್ಟು ಹಿಂದುಮುಂದು ಹೊಲಿದವಳು ನಾನು. ಮೊದಲ ದಿನವೇ ಗೊತ್ತಾಗಿತ್ತು."

ಉಸ್ತಾದರ ಮುಖ ಕೆಂಪಾಯಿತು. "ಹೊಲಿಗೆ ತಪ್ಪಿದ್ದು ನಿಂದು. ತಪ್ಪಿಗೆ ಮೂರು ವಾರ ಅರ್ಥ ಕಟ್ಟಿದ್ದು ನಂದು. ನಂದೇ ದೊಡ್ಡದು ಕಣಮ್ಮ," ಎಂದರು.

ಅಜ್ಜಿ ಬಾಯಿಬಿಟ್ಟಳು. "ಇಪ್ಪತ್ತೆರಡು ದಿನ ಕಣ್ರೇ! ಈ ಸೊಸೆ ಇಡೀ ಮನೆ ಆಳಿಬಿಟ್ಟಳಲ್ಲ!"

ದರ್ಜಿ ನಕ್ಕ, ಸೊಸೆಯೂ ನಕ್ಕಳು. ಆಮೇಲೆ ಅಜ್ಜಿ ಮೆಲ್ಲಗೆ, "ಎದೆ ನೋಯ್ತಿದೆ ಮಗಾ," ಎಂದಾಗ ನಗು ಅಲ್ಲೇ ನಿಂತಿತು. ದರ್ಜಿ ಗಾಡಿ ಕರೆಯಲು ಓಡಿದ.

ಡಾಕ್ಟರು ಎರಡು ದಿನ ಇರಿಸಿಕೊಂಡು ಮಾತ್ರೆ ಬರೆದರು. "ಮೊದಲೇ ಹೇಳಬಾರದಿತ್ತೇ?" ಎಂದು ಬೈದರಂತೆ. ಆ ಬೈಗುಳ ತನಗೇ ಸೇರಬೇಕಾದದ್ದು ಎನಿಸಿತು ದಾರದಕ್ಕನಿಗೆ. ಅಜ್ಜಿ ಸುಮ್ಮನಿದ್ದದ್ದು ಪುಸ್ತಕವನ್ನು ನಂಬಿ. ತಾನು ಸುಮ್ಮನಿದ್ದದ್ದು ಒಳ್ಳೆಯ ಕೆಲಸಗಾತಿ ಎಂಬ ಹೆಸರಿಗಾಗಿ.

ಅಜ್ಜಿ ಮರಳಿದ ದಿನ ದಾರದಕ್ಕ ಕಿಟಕಿಯ ಬಳಿ ಕೂತು ಉಸ್ತಾದರ ಪುಸ್ತಕದ ಆ ತಪ್ಪು ಹೊಲಿಗೆ ಬಿಚ್ಚುತ್ತಿದ್ದಳು. ಬಾಗಿಲಲ್ಲಿ ಅಜ್ಜಿಯ ಹಳೆಯ ದನಿ: "ಏನೇ, ಮಗುವಿಗೆ ಎಷ್ಟು ಹಲ್ಲು ಬಂತು?"

"ಎರಡು," ಎಂದಳು, ದಾರದಿಂದ ಕಣ್ಣೆತ್ತದೆ.