ವಿಮಾನ ಹತ್ತದ ಕೊಬ್ಬರಿ

ಶಿವಮೊಗ್ಗದಿಂದ ಹೈದರಾಬಾದಿಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನನ್ನ ಯಜಮಾನರು ಇದನ್ನು ಮಂಡಿಗೆ ಬಂದವರಿಗೆಲ್ಲ ತಾವೇ ವಿಮಾನ ಓಡಿಸುವವರ ಹಾಗೆ ಹೇಳಿದ್ದೇ ಹೇಳಿದ್ದು. ಮನೆಯಿಂದ ವಿಮಾನ ನಿಲ್ದಾಣ ತಲುಪುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನಾವು ಹೊರಟಿದ್ದು ನನ್ನ ತಂಗಿಯ ಮಡಿಲು ತುಂಬಲು. ಹೈದರಾಬಾದಿನಲ್ಲಿದ್ದ ಅವಳು ಚೊಚ್ಚಲ ಬಸುರಿ. ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಊರಿಗೆ ಬರುವ ಹಾಗಿರಲಿಲ್ಲ. ನಮಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ.

"ಅಕ್ಕ, ಸೀರೆ ಬಳೆ ಏನೂ ಬೇಡ ಕಣೇ. ನಮ್ಮ ಹುಲಿಕೆರೆ ಮನೆ ಹಿತ್ತಲಲ್ಲಿ ಅಮ್ಮ ನೆಟ್ಟ ಮರದ ಕೊಬ್ಬರಿ ತಗೊಂಡು ಬಾ."

ಅಮ್ಮನೇ ಬಂದು ಮಡಿಲು ತುಂಬಿದ ಹಾಗಾಗುತ್ತದೆ ಎಂದು ಅವಳ ಆಸೆ. ಆ ಮರದ ಕಾಯಿಗಳು ನಮ್ಮ ಮನೆಯ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗಿ ಕೂತಿದ್ದವು. ಯಜಮಾನರೇ ಹತ್ತಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಐದನ್ನು ಆರಿಸಿ, ಚಿಪ್ಪು ಬಿಡಿಸಿ, ಇಡೀ ಗಿಟುಕುಗಳನ್ನು ಚೀಲಕ್ಕೆ ತುಂಬಿದರು.

ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಚೀಲವನ್ನು ಪಕ್ಕಕ್ಕೆಳೆದಳು.

"ಕೊಬ್ಬರಿ ಬಿಡಲ್ಲಮ್ಮ. ಕೈಚೀಲದಲ್ಲೂ ಇಲ್ಲ, ಲಗೇಜಲ್ಲೂ ಇಲ್ಲ. ಬೇಗ ಬೆಂಕಿ ಹತ್ತುತ್ತೆ."

ನಾನು ಜಗಳಕ್ಕೆ ಸೆರಗು ಸಿಕ್ಕಿಸಿದೆ. ಯಜಮಾನರು ತಲೆ ಕೆರೆದುಕೊಂಡು, "ಅವರು ಹೇಳೋದು ಸರಿ ಐತೆ ಕಣೇ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಟ್ಟದ ಹತ್ತಿರ ಬೆಂಕಿಕಡ್ಡಿ ಗೀರಲು ಬಿಡದವರು, ಬೀಡಿ ಹಚ್ಚಿದವರನ್ನು ಮಂಡಿಯಿಂದ ಅಟ್ಟುವವರು, ಅದೇ ಕೊಬ್ಬರಿಯನ್ನು ವಿಮಾನ ಹತ್ತಿಸಲು ಹೊರಟಿದ್ದರಲ್ಲ!

"ಇಷ್ಟು ವರ್ಷ ವ್ಯಾಪಾರ ಮಾಡಿ ಇದು ಹೊಳೀಲಿಲ್ವೇನ್ರೀ? ಈಗ ಅವಳಿಗೇನು ಹೇಳ್ಲಿ?"

"ಏನೂ ಹೇಳ್ಬೇಡ. ನೀನು ವಿಮಾನದಾಗೆ ಹೋಗು. ನಾನು ಕೊಬ್ಬರಿ ತಗೊಂಡು ರೈಲಿಗೆ ಬತ್ತೀನಿ."

ಮರುಮಾತಿಗೆ ಕಾಯದೆ ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ನಾನೊಬ್ಬಳೇ ಹತ್ತಿ ಕೂತೆ. ಪಕ್ಕದ ಅವರ ಸೀಟು ಖಾಲಿ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೈದರಾಬಾದು ಬಂದಂತಾಯಿತು. ಅವರು ಇನ್ನೂ ರೈಲು ಹಿಡಿಯಲು ಹೊರಟ ಬಸ್ಸಿನಲ್ಲೇ ಇದ್ದರು.

ಮರುದಿನ ಅಕ್ಕಪಕ್ಕದ ಮುತ್ತೈದೆಯರು ಬಂದು ಕೂತರು. ಹೊತ್ತು ಮೀರುತ್ತದೆ, ಅಂಗಡಿಯಿಂದ ಕೊಬ್ಬರಿ ತರಿಸೋಣ ಎಂದರು. ತಂಗಿ ದಿಂಬಿಗೆ ಒರಗಿಕೊಂಡು, "ಭಾವ ಬರ್ಲಿ" ಅಂದಳು.

ಮಧ್ಯಾಹ್ನದ ಹೊತ್ತಿಗೆ ಬಂದರು. ಅಂಗಿ ಮುದ್ದೆಯಾಗಿತ್ತು, ಕಣ್ಣು ಕೆಂಪಗಿದ್ದವು. ನೂಕುನುಗ್ಗಲಿನಲ್ಲಿ ಒಡೆದೀತೆಂದು ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಚೀಲವನ್ನು ನನ್ನ ಕೈಗೆ ಕೊಟ್ಟು, ಹೆಂಗಸರ ಕೆಲಸ ಎಂದು ಆಚೆಗೆ ಹೋಗಲು ತಿರುಗಿದರು.

"ಭಾವ, ನೀವೇ ಹಾಕಿ" ಎಂದಳು ತಂಗಿ.

ನಮ್ಮಲ್ಲಿ ಗಂಡಸರು ಮಡಿಲು ತುಂಬುವುದಿಲ್ಲ. ಕೂತಿದ್ದವರು ಮುಖ ಮುಖ ನೋಡಿಕೊಂಡರು.

"ಮಡಿಲು ತುಂಬೋದು ತವರಿನವರು ತಾನೆ? ನಂಗೆ ಇವರೇ ತವರು" ಎಂದು ಸೆರಗೊಡ್ಡಿದಳು.

ಯಜಮಾನರು ನನ್ನ ಕಡೆ ನೋಡಿದರು. "ಹಾಕ್ರೀ" ಎಂದೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಒಂದೊಂದೇ ಗಿಟುಕನ್ನು ಅವಳ ಮಡಿಲಲ್ಲಿ ಮೆಲ್ಲಗೆ ಇಟ್ಟರು. ಈ ಮನುಷ್ಯನನ್ನು ನನಗೆ ಹುಡುಕಿ ಕೊಟ್ಟಿದ್ದಕ್ಕೆ ಅಮ್ಮನಿಗೆ ನಿಂತಲ್ಲೇ ಕೈಮುಗಿದೆ.