ಕಡಲ ನೀರಿಗೆ ತಾಗಿದ ಎಣ್ಣೆ ಕೈ

ಗಿರಿಜಕ್ಕ, ಆ ಬಾಟಲಿಗಳನ್ನು ಕೆಡಿಸಿದ್ದು ನಾನು. ನೀವಲ್ಲ. ತೊಂಬತ್ತರ ದಶಕದ ಕೊನೆಯಲ್ಲೇ ಹೇಳಬೇಕಾಗಿದ್ದ ಮಾತು — ತಲೆ ನರೆತ ಮೇಲೆ ಬರೆಯುತ್ತಿದ್ದೇನೆ.

ನೀವು ಭದ್ರಾವತಿಯ ನ್ಯೂ ಟೌನಿನಿಂದ, ನಾನು ದುರ್ಗಿಗುಡಿಯಿಂದ, ಇಬ್ಬರೂ ಬಸ್ಸು ಹಿಡಿದು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದೆವು. ನಿಮ್ಮದು ಪಿಎಚ್.ಡಿ., ನನ್ನದು ಎಂ.ಎಸ್ಸಿ. ಕಡಲಿಲ್ಲದ ಊರಿನವರು ನಾವು. ನಿಮಗೋ ಕಡಲಿನ ಉಸಿರು ಅಳೆಯುವ ಹುಚ್ಚು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಸಸ್ಯಗಳು ಬಿಸಿಲಲ್ಲಿ ಆಮ್ಲಜನಕ ತಯಾರಿಸುತ್ತವೆ. ಅವೂ, ಜೊತೆಗಿರುವ ಜೀವಿಗಳೂ ಅದನ್ನೇ ಉಸಿರಾಡುತ್ತವೆ. ನಡುಗಡಲಿನಲ್ಲಿ ಯಾವುದು ಹೆಚ್ಚು — ತಯಾರಿಕೆಯೋ, ಉಸಿರಾಟವೋ? ಈ ಒಂದು ಪ್ರಶ್ನೆಗಾಗಿ ನನ್ನನ್ನೂ ಎಳೆದುಕೊಂಡು ಸಂಶೋಧನಾ ಹಡಗು ಹತ್ತಿದಿರಿ.

ಬಿಳಿ ಬಾಟಲಿ, ಕಪ್ಪು ಬಾಟಲಿ — ಎರಡರಲ್ಲೂ ಒಂದೇ ನೀರು. ಕಪ್ಪಿನೊಳಗೆ ಬಿಸಿಲಿಲ್ಲ, ಬರೀ ಉಸಿರಾಟ. ಒಂದು ದಿನ ಬಿಟ್ಟು ಎರಡರ ಆಮ್ಲಜನಕವನ್ನೂ ಅಳೆದು ಮೊದಲಿನ ಅಳತೆಗೆ ಹೋಲಿಸಿದರೆ ಉತ್ತರ ಸಿಗುತ್ತದೆ. ಹೊರಡುವ ಮೊದಲೇ ನೀವು ಎಚ್ಚರಿಸಿದ್ದಿರಿ: "ಹಡಗಲ್ಲಿರೋವಷ್ಟು ದಿನ ತಲೆಗೆ ಎಣ್ಣೆ ಮುಟ್ಟಿಸ್ಬೇಡ ಮಾರಾಯ್ತಿ. ಒಂಚೂರು ಬಾಟ್ಲಿಗೆ ಸೇರಿದ್ರೂ ಬ್ಯಾಕ್ಟೀರಿಯಾಗೆ ಹಬ್ಬ, ಉಸಿರಾಟ ಸುಮ್ಮನೆ ಜಾಸ್ತಿ ಆಗತ್ತೆ." ನಿಮ್ಮ ಉದ್ದನೆಯ ಜಡೆ ತೆಂಗಿನ ನಾರಿನಂತಾಯಿತು. ಕನ್ನಡಿ ನೋಡಿ ನೀವು ನಕ್ಕಿರಿ, ಅಷ್ಟೇ.

ನಾನು? ಶುಕ್ರವಾರ ಬಂತು. ಶುಕ್ರವಾರ ಎಣ್ಣೆ ಕಾಣದ ತಲೆ ತಲೆಯೇ ಅಲ್ಲ ಎನ್ನುವ ಮನೆಯಲ್ಲಿ ಬೆಳೆದವಳು. ಅಮ್ಮ ಕಟ್ಟಿಕೊಟ್ಟಿದ್ದ ಸೀಸೆ ತೆಗೆದೆ, ನೆತ್ತಿಗೆ ತಟ್ಟಿಕೊಂಡೆ, ಸೋಪಿನಲ್ಲಿ ಕೈ ತೊಳೆದೆ. ಅಷ್ಟು ಸಾಕು ಅಂದುಕೊಂಡೆ. ಹಡಗಿನ ಮೇಲ್ಗಡೆ ಗಾಳಿ. ಮುಖಕ್ಕೆ ಬಿದ್ದ ಕೂದಲನ್ನು ಮತ್ತೆ ಮತ್ತೆ ಹಿಂದಕ್ಕೆ ಸರಿಸುತ್ತ ಅದೇ ಕೈಯಲ್ಲಿ ಬಾಟಲಿಗಳನ್ನು ತುಂಬಿದೆ.

ಆ ದಿನದ ನೀರಿನಲ್ಲಿ ತಯಾರಿಕೆಗಿಂತ ಉಸಿರಾಟ ಎಷ್ಟೋ ಪಾಲು ಹೆಚ್ಚು ಬಂತು. ನೀವು ಮಗುವಿನಂತೆ ಕುಣಿದಿರಿ. ಇದು ನನ್ನ ಎಣ್ಣೆ ಕೈಯ ಕೆಲಸವೆಂದು ನನಗೆ ಆಗಲೇ ಗೊತ್ತಾಗಿತ್ತು. ಊರಿಗೆ ಬಂದ ಮೇಲೆ ನಿಮ್ಮ ಗೈಡ್ ನನ್ನೆದುರಿಗೇ ನಿಮ್ಮನ್ನು ಕೇಳಿದರು, "ಬಾಟ್ಲಿ ಶುದ್ಧ ಇತ್ತೇನಮ್ಮಾ?"

"ನಮ್ಮ ವಸುಧಾ ತುಂಬಿದ್ದು ಸರ್. ನನ್ನ ಕೈಗಿಂತ ಅವಳ ಕೈನ ಜಾಸ್ತಿ ನಂಬ್ತೀನಿ."

ನಾನು ನೆಲ ನೋಡಿದೆ.

ಆ ಫಲಿತಾಂಶದ ಮೇಲೆ ಒಂದು ಅಧ್ಯಾಯವನ್ನೇ ಕಟ್ಟಿದಿರಿ. ಆದರೂ ನಿಮಗೆ ಸಮಾಧಾನವಿಲ್ಲ! ಮರುವರ್ಷ ಅದೇ ಕಡಲಿಗೆ ಒಬ್ಬರೇ ಹೋಗಿ ಮತ್ತೆ ಅಳೆದಿರಿ — ತಾಳೆಯಾಗಲಿಲ್ಲ. ಯಾರೂ ಒತ್ತಾಯಿಸಿರಲಿಲ್ಲ, ನೀವೇ ಸೆಮಿನಾರಿನಲ್ಲಿ ಎದ್ದು ನಿಂತಿರಿ. "ಆ ಫಲಿತಾಂಶ ವಾಪಸ್ ತಗೋತೀನಿ. ಹೇಗಾಯ್ತೋ ಗೊತ್ತಿಲ್ಲ, ಆದ್ರೆ ತಪ್ಪು ನಂದೇ." ಎಂಥ ಎದೆಗಾರಿಕೆ ಗಿರಿಜಕ್ಕ! ಎರಡನೇ ಸಾಲಿನಲ್ಲಿದ್ದ ನಾನು ಮಾತ್ರ ಕೂತೇ ಇದ್ದೆ. ಅಧ್ಯಾಯ ಹೋಯಿತು. ಪದವಿ ಎರಡು ವರ್ಷ ತಡವಾಯಿತು.

ಸೆಮಿನಾರು ಮುಗಿದ ಸಂಜೆ ಬಸ್ಸಿನಲ್ಲಿ ನಾನು ಅತ್ತಾಗ, ನಿಮಗಾಗಿ ಅಳುತ್ತಿದ್ದೇನೆಂದು ತಿಳಿದು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿರಿ. "ನೀನ್ಯಾಕೆ ಅಳ್ತೀಯೆ? ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ."

ಈಗ ನಾನೂ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ನಿಮ್ಮ ಪ್ರಾಮಾಣಿಕತೆಯ ಕಥೆ ಹೇಳುತ್ತೇನೆ, ಸೆಮಿನಾರಿನವರೆಗೆ. ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ. ಇನ್ನು ಮುಂದೆ ಪೂರ್ತಿ ಹೇಳುತ್ತೇನೆ. ಅದಕ್ಕೂ ಮೊದಲು, ನಾಳೆ ಬೆಳಗಿನ ಬಸ್ಸಿಗೆ ನ್ಯೂ ಟೌನಿಗೆ ಬಂದು ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.

ನಿಮ್ಮ ಪ್ರಬಂಧದ ಕೊನೆಯಲ್ಲಿ "ತಪ್ಪು ನನ್ನದು" ಎಂದು ಬರೆದಿದ್ದೀರಿ. ಆ ಸಾಲು ನಾನು ಬರೆಯಬೇಕಾಗಿತ್ತು, ಗಿರಿಜಕ್ಕ.