ಗ್ಲೌಸಿನೊಳಗೆ ಹೋಗದ ಬಳೆ

ತೊಂಬತ್ತರ ದಶಕದ ನಡುವೆ ನಾನು ಸೊರಬದ ಸುತ್ತಿನ ಹಸಿ ಶುಂಠಿ ಕೊಂಡು, ಶಿಕಾರಿಪುರದ ಹೊರಗೊಂದು ಶೆಡ್ಡಿನಲ್ಲಿ ಸಿಪ್ಪೆ ಹೆರೆಸಿ, ಸುಣ್ಣದ ನೀರಲ್ಲಿ ಅದ್ದಿಸಿ, ಒಣಗಿಸಿ ಮಾರುತ್ತಿದ್ದೆ. ಹೊರದೇಶದ ಗಿರಾಕಿಗೆ ಶುಂಠಿ ಬೆಳ್ಳಗಿರಬೇಕು, ಸುಣ್ಣ ಅದಕ್ಕೆ. ಹೆರೆಯುವವರೂ ಅದ್ದುವವರೂ ಹೆಂಗಸರೇ, ಬರಿಗೈಯಲ್ಲಿ.

ಮಂಗಳೂರಿನಲ್ಲಿ ಹಡಗಿಗೆ ಹಾಕಿಸುವ ವ್ಯಾಪಾರಿ ಒಮ್ಮೆ ಉದ್ದನೆಯ ರಬ್ಬರ್ ಗ್ಲೌಸು ಕಳಿಸಿದರು. ಗಿರಾಕಿಯ ಕಡೆಯವರು ನೋಡಲು ಬರುತ್ತಾರಂತೆ. ನಾನು ಆಯುಧಪೂಜೆಯ ದಿನ ಅವಕ್ಕೂ ಕುಂಕುಮ ಹಚ್ಚಿ, ಹಾಳಾಗಬಾರದೆಂದು ಗೋಡೆಗೆ ಸಾಲಾಗಿ ತೂಗುಹಾಕಿದೆ.

ಅಷ್ಟರಲ್ಲಿ ತೊಗರ್ಸಿ ಕಡೆಯ ಒಬ್ಬಾಕೆಯ ಬಲಗೈ ಬಿರಿದು ಕೀವಾಯಿತು. ಅವಳಷ್ಟು ತೆಳ್ಳಗೆ ಸಿಪ್ಪೆ ಹೆರೆಯುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಈಗ ಅವಳಿಗೆ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಹೀಗೇ ಸುಣ್ಣ ಮುಟ್ಟಿದರೆ ಬೆರಳು ಮಡಚಲು ಬರುವುದಿಲ್ಲ ಎಂದರು ಡಾಕ್ಟರು.

"ಗ್ಲೌಸು ಐತಲ್ಲ ತಂಗಿ, ಹಾಕ್ಕೋ" ಎಂದೆ.

"ನೀವೇ ಕುಂಕುಮ ಹಚ್ಚಿ ದೇವ್ರು ಮಾಡೀರಿ. ಹೆಂಗ್ ಮುಟ್ಲಿ ಸಾವ್ಕಾರ್ರೇ?"

ಉಳಿದವರು ನಕ್ಕರು.

"ತಮಾಷಿ ಸಾಕು."

"ಬಳಿ ಹೋಗಂಗಿಲ್ರೀ ಅದರಾಗೆ. ಗಂಡ ಇರೋವಾಗ ಬಳಿ ತೆಗಿಯೋದೇನ್ರೀ?"

"ಮತ್ತೇನ್ ಮಾಡಾಣ?"

"ಕೈ ಯಾಕ್ ಮುಳುಗ್ಬೇಕು? ಬುಟ್ಟ್ಯಾಗೆ ತುಂಬಿ ಅದ್ದಿ ಎತ್ತಿದ್ರಾತು."

ಇಷ್ಟು ನನಗೆ ಹೊಳೆದಿರಲಿಲ್ಲ. ಬಿದಿರಿನ ಬುಟ್ಟಿ, ಹಗ್ಗ, ತೊಟ್ಟಿಯ ಮೇಲೊಂದು ರಾಟೆ. ಮರುದಿನವೇ ಆಯಿತು. ಮಂಗಳೂರಿಗೆ ಫೋನ್ ಮಾಡಿ, ಇನ್ನು ಗ್ಲೌಸು ಬೇಡ, ಬುಟ್ಟಿಗೆ ದುಡ್ಡು ಕೊಡಿ ಎಂದೆ.

"ಗಿರಾಕಿಯ ಪಟ್ಟಿಯಲ್ಲಿ ಗ್ಲೌಸ್ ಅಂತ ಉಂಟು ಮಾರಾಯ್ರೆ, ಬುಟ್ಟಿ ಅಂತ ಇಲ್ಲ."

"ಹಂಗಾರೆ ಪಟ್ಟಿ ಬರೆದೋರ್ನೇ ಕಳಸ್ರಿ. ಮೊದ್ಲು ಕೈ ನೋಡ್ಲಿ, ಆಮೇಲೆ ಪಟ್ಟಿ."

ಎಳೆದಾಡಿ ಕೊನೆಗೆ ಒಪ್ಪಂದವಾಯಿತು: ಬುಟ್ಟಿಯ ಖರ್ಚು ಮಂಗಳೂರಿನವರದು, ಗ್ಲೌಸು ಸುಣ್ಣ ಕಲಸುವ ಇಬ್ಬರು ಗಂಡಸರಿಗೆ. ಅವರಿಗೆ ಬಳೆಯ ತೊಂದರೆ ಇರಲಿಲ್ಲ. ಈ ಧಂದೆಗೆ ಇಳಿಯುವವರು ಒಂದು ನೆನಪಿಡಿ: ಕೈಗೆ ಹಾಕುವ ಸಾಮಾನು ತರಿಸುವ ಮೊದಲು ಆ ಕೈಯವರನ್ನು ಕೇಳಿ. ನಾನು ಕೇಳಿದ್ದು ತಡವಾಗಿ.

ಅವಳನ್ನು ಎರಡು ತಿಂಗಳು ಅಂಗಳದಲ್ಲಿ ಕೋಲಿನಿಂದ ಶುಂಠಿ ತಿರುವಲು ಹಾಕಿದೆ. ಗಾಯ ಮಾಯಿತು. ಬೆರಳುಗಳು ಮಡಚತೊಡಗಿದವು, ಕಿರುಬೆರಳೊಂದನ್ನು ಬಿಟ್ಟು. ಮತ್ತೆ ಹೆರೆಯಲು ಕೂತ ದಿನ ಆ ಕಿರುಬೆರಳು ತೋರಿಸಿ, "ಚಾಕು ಹಿಡಿಯಾಕೆ ಇದೇನ್ ಬೇಕಾಗಿಲ್ಲ ಬಿಡ್ರೀ" ಎಂದಳು. ಹೆರೆತ ಮಾತ್ರ ಮೊದಲಿನಷ್ಟು ತೆಳ್ಳಗಾಗಲಿಲ್ಲ.